ಮರು: ಫಿಸಿಯೊಥೆರಪಿ ಫಾರಂಗೆ ಪದ ಬೇಕು – ‘ಗುರಿ ನಿಗದಿ’ ಸರಿಯಾ?

ನಮಸ್ಕಾರ,

ಉತ್ತರ ಬರೆದ ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಫಿಸಿಯೊಥೆರಪಿ ಕ್ಲಿನಿಕ್ಕಿನಲ್ಲಿ ಚಿಕಿತ್ಸೆಯಿಂದ ಏನು ಸಾಧಿಸಬೇಕು ಅಂತ ಬಂದವರೂ ನಾವೂ ಸೇರಿ ತೀರ್ಮಾನಿಸುವುದಕ್ಕೆ (ಇಂಗ್ಲಿಷಿನ goal setting) ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೆ. ಫಾರಂ ಸೋಮವಾರ ಬೆಳಗ್ಗೆ ಪ್ರೆಸ್‌ಗೆ ಹೋಗಬೇಕು, ಗೋಡೆಯ ಬೋರ್ಡೂ ಅವತ್ತೇ. ಅದಕ್ಕೆ ಬೇಗ ಬೇಗ ಹೇಳಿಬಿಡುತ್ತೇನೆ.

> ‘ಲಕ್ಷ್ಯ’ ಎನ್ನಿ. ಇಡೀ ಭಾರತಕ್ಕೆ ಅರ್ಥವಾಗುತ್ತದೆ.

ನಮ್ಮ ಕ್ಲಿನಿಕ್ಕಿಗೆ ಇಡೀ ಭಾರತ ಬರುವುದಿಲ್ಲ. ಧಾರವಾಡದ ಕಡೆಯವರು ಬರುತ್ತಾರೆ. ಅವರಿಗೆ ಲಕ್ಷ್ಯ ಅಂದರೆ ಗಮನ. ‘ಲಕ್ಷ್ಯ ಕೊಟ್ಟು ಕೇಳ್ರಿ’ ಅನ್ನುತ್ತಾರಲ್ಲ, ಅದು. ಬೇಡ.

> ‘ಗುರಿ’ ಅಚ್ಚಗನ್ನಡ. ಇನ್ನೇನು ಚರ್ಚೆ?

ಗುರಿ ನಮ್ಮದೇ, ಒಪ್ಪಿದೆ. ಹಳಗನ್ನಡದಲ್ಲಿ ಗುಱಿ, ತಮಿಳಿನಲ್ಲಿ ಕುಱಿ, ತೆಲುಗಿನಲ್ಲೂ ಗುಱಿ. ಗುರುತು, ಗುರುಹು ಇದರ ಒಡಹುಟ್ಟುಗಳು. ಆದರೆ ನನ್ನ ತೊಡಕು ಪದದ ಹುಟ್ಟಿನದಲ್ಲ, ಅದಕ್ಕೆ ಅಂಟುವ ಕ್ರಿಯಾಪದದ್ದು. ‘ರೋಗಕ್ಕೆ ಗುರಿಯಾದರು’ ಅಂದಾಗ ಗುರಿ ಯಾರು? ಬಾಣ ಬಂದು ನಾಟಿದವರು. ‘ಚಿಕಿತ್ಸೆಗೆ ಗುರಿಪಡಿಸಿದರು’ ಅಂದರೂ ಅಷ್ಟೇ. ‘ಚಿಕಿತ್ಸೆಯ ಗುರಿ’ ಅಂತ ದಪ್ಪಕ್ಷರದಲ್ಲಿ ಬರೆದು ಕೆಳಗೆ ರೋಗಿಯ ಹೆಸರು ತುಂಬಿಸಿದರೆ ಓದುವವರಿಗೆ ಏನು ಅನಿಸುತ್ತದೆ, ಯೋಚಿಸಿ.

> ‘ರೋಗಿ’ ಸಂಸ್ಕೃತ. ‘ಬೇನಿಗ’ ಎನ್ನಿ. ಫಿಸಿಯೊಥೆರಪಿಯನ್ನೂ ಹಾಗೇ ಬಿಟ್ಟಿದ್ದೀರಿ, ನಾಚಿಕೆಗೇಡು.

ನಮ್ಮ ಕಡೆ ‘ಬೇನೆ ಬಂತು’ ಅಂದರೆ ಹೆರಿಗೆ ನೋವು ಬಂತು ಅಂತ. ‘ರೋಗಿ’ಯೂ ನನಗೆ ಸರಿ ಕಾಣುವುದಿಲ್ಲ, ಆದರೆ ಸಂಸ್ಕೃತ ಅಂತಲ್ಲ. ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡವರಿಗೆ ಯಾವ ರೋಗ ಇದೆ? ‘ನೀವು’ ಅಂದರೆ ಸಾಕು, ಹೆಸರುಪದವೇ ಬೇಡ.

ಫಿಸಿಯೊಥೆರಪಿಗೆ ‘ಭೌತಚಿಕಿತ್ಸೆ’ ಅಂತ ಬರೆದರೆ ಯಾರೂ ಬಾಗಿಲು ತಟ್ಟುವುದಿಲ್ಲ. ಜನ ಹೇಳುವುದು ಫಿಸಿಯೋ. ಇನ್ನೂ ಜಾಸ್ತಿ ಹೇಳುವುದು ‘ಕರೆಂಟ್ ಕೊಡಿಸ್ಕೊಳ್ಳೋಕೆ ಬಂದೆ’. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಕೊಡು, ಕೊಡಿಸು, ಕೊಡಿಸಿಕೊಳ್ಳು. ಮಾಡುವವರು ನಾವು, ಮಲಗಿ ಮಾಡಿಸಿಕೊಳ್ಳುವವರು ಅವರು. ನಾನು ಬದಲಿಸಬೇಕು ಅಂತಿರುವುದು ಇದನ್ನೇ. ಎರವಲು ಪದದ ಜಗಳಕ್ಕೆ ಇನ್ನೊಂದು ದಿನ ಕೂರೋಣ.

ಯಾಕೆ ಇಷ್ಟು ಹಟ ಅಂತ ಕೇಳಿದವರಿಗೆ: ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯ ಫಾರಂನಲ್ಲಿ ‘ಚಿಕಿತ್ಸೆಯ ಗುರಿಗಳನ್ನು ನನಗೆ ವಿವರಿಸಲಾಗಿದೆ’ ಅಂತ ಒಂದು ಸಾಲಿತ್ತು. ಅದರ ಕೆಳಗೆ ಹೆಬ್ಬೆಟ್ಟು. ಯಾರು ವಿವರಿಸಿದರು, ಯಾರ ಗುರಿ, ‘-ಲಾಗಿದೆ’ ಎಲ್ಲವನ್ನೂ ನುಂಗಿಬಿಡುತ್ತದೆ. ಭುಜ ಬಿಗಿದುಹೋಗಿದ್ದ ಒಬ್ಬ ಅಮ್ಮನ ಫಾರಂನಲ್ಲಿ ನಾನು ‘ಕೈ 150 ಡಿಗ್ರಿ ಎತ್ತುವುದು’ ಅಂತ ಬರೆದಿದ್ದೆ. ಮೂರು ವಾರ ಅವರು ಮನೆಯಲ್ಲಿ ವ್ಯಾಯಾಮ ಮಾಡಲೇ ಇಲ್ಲ. ಒಂದು ದಿನ ಫಾರಂ ಪಕ್ಕಕ್ಕಿಟ್ಟು ‘ಏನು ಮಾಡೋಕಾಗ್ತಿಲ್ಲ ಅಂತ ಬೇಜಾರು?’ ಅಂತ ಕೇಳಿದೆ. ಅವರು ತಲೆ ತಗ್ಗಿಸಿ, ಎಡಗೈಯಿಂದ ಬಲಗೈಯನ್ನು ಕತ್ತಿನ ತನಕ ಎತ್ತಿ ತೋರಿಸಿದರು. ಅದಕ್ಕಿಂತ ಮೇಲೆ ಹೋಗಲಿಲ್ಲ. ‘ದಿನಾ ಸೊಸೆ ಹತ್ರ ಜಡೆ ಹಾಕಿಸ್ಕೋಬೇಕು. ಅವಳು ಕೆಲಸಕ್ಕೆ ಹೋಗೋ ಹೊತ್ತು’ ಅಂದರು. ಜಡೆಗೆ ಕೈ ಎತ್ತಿದರೆ ಸಾಲದು, ಭುಜ ಹೊರಕ್ಕೆ ತಿರುಗಬೇಕು. ನಾನು ಅಳೆಯುತ್ತಿದ್ದದ್ದೇ ಬೇರೆ. ಆವತ್ತು ವ್ಯಾಯಾಮ ಬದಲಿಸಿದೆವು. ಆಮೇಲೆ ಅವರು ಮನೆಯಲ್ಲಿ ತಪ್ಪಿಸಲಿಲ್ಲ.

ಇದಕ್ಕೆ ಒಂದು ಸರಳ ಅಳತೆಗೋಲು 1995ರಿಂದ ಇದೆ. ಬಂದವರೇ ತಮಗೆ ಕಷ್ಟವಾಗಿರುವ ಮೂರರಿಂದ ಐದು ಕೆಲಸ ಹೇಳಬೇಕು, ಒಂದೊಂದಕ್ಕೂ 0ಯಿಂದ 10ರ ತನಕ ಅಂಕ ಅವರೇ ಕೊಡಬೇಕು. 0 ಅಂದರೆ ‘ಆಗುವುದೇ ಇಲ್ಲ’. 10ಕ್ಕೆ ‘ಪೂರ್ವಸ್ಥಿತಿಯ ಮಟ್ಟದಲ್ಲಿ’ ಅಂತ ಒಬ್ಬರು ಸೂಚಿಸಿದ್ದಾರೆ. ‘ಮೊದಲಿನ ಹಾಗೇ’ ಅನ್ನುವ ಮಾತು ಇರುವಾಗ ಅದ್ಯಾಕೆ? ಆ ಅಮ್ಮ ಜಡೆಗೆ ಮೊದಲು ಕೊಟ್ಟದ್ದು 1.

ಈಗ ವ್ಯಾಕರಣಕ್ಕೆ. ‘ನಾವು ಗುರಿ ಹಾಕಿಕೊಳ್ಳುತ್ತೇವೆ’ ಅಂದರೆ ಕೇಳುವವರು ಆ ‘ನಾವು’ವಿನಲ್ಲಿ ಇದ್ದಾರಾ, ಇಲ್ಲವಾ, ಗೊತ್ತಾಗುವುದಿಲ್ಲ. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿಕೊಳ್ಳುವ ‘ನಮ’ ಬೇರೆ, ಅವರನ್ನು ಬಿಟ್ಟ ‘ಎಂಕುಳು’ ಬೇರೆ. ತೆಲುಗಿನಲ್ಲಿ ‘ಮನಂ’, ‘ಮೇಮು’. ತಮಿಳಿನಲ್ಲೂ ಎರಡಿವೆ. ನಮ್ಮ ಇವತ್ತಿನ ಕನ್ನಡದಲ್ಲಿ ಒಂದೇ. ಆದರೆ ‘-ಓಣ’ ಇದೆಯಲ್ಲ! ‘ಹಾಕಿಕೊಳ್ಳೋಣ’ ಅಂದ ತಕ್ಷಣ ಎದುರಿಗಿರುವವರೂ ಸೇರುತ್ತಾರೆ. ‘ಸಹಭಾಗಿತ್ವ’, ‘ಪಾಲ್ಗೊಳ್ಳುವಿಕೆ’ ಅಂತ ನೀವೆಲ್ಲ ಹುಡುಕಿಕೊಟ್ಟದ್ದನ್ನು ಈ ಒಂದು ಪ್ರತ್ಯಯ ಮಾಡುತ್ತದೆ. ಹೆಸರುಪದ ಕಟ್ಟುವ ಗೀಳು ಬಿಟ್ಟರೆ ಕಾಣುತ್ತದೆ.

ಹಾಗಾಗಿ ಬೋರ್ಡಿಗೆ ನಾನು ಅಂದುಕೊಂಡದ್ದು:

‘ನಿಮಗೆ ಏನು ಮಾಡುವ ಹಾಗಾಗಬೇಕು? ಹೇಳಿ. ಸೇರಿ ಗುರಿ ಹಾಕಿಕೊಳ್ಳೋಣ.’

ಫಾರಂನ ಮೊದಲ ಸಾಲು: ‘ನಾನು ಮೊದಲಿನ ಹಾಗೆ ಮಾಡಬೇಕು ಅಂದುಕೊಂಡಿರುವ ಕೆಲಸಗಳು’. ಹೆಬ್ಬೆಟ್ಟು ಒತ್ತುವವರು ಹೇಳಿದ್ದನ್ನು ನಾವು ಅವರ ಮಾತಿನಲ್ಲೇ ಬರೆದು, ಓದಿ ಹೇಳುತ್ತೇವೆ.

ಉಳಿದಿರುವ ಪ್ರಶ್ನೆ ಒಂದೇ. ‘ಮಾಡುವ ಹಾಗಾಗಬೇಕು’ ಧಾರವಾಡ, ಕಲಬುರಗಿ ಕಡೆಯವರಿಗೆ ಸಲೀಸಾಗಿ ಓದಿಸಿಕೊಳ್ಳುತ್ತದಾ, ಇಲ್ಲ ‘ಮಾಡಲಿಕ್ಕೆ ಬರಬೇಕು’ ಅನ್ನಬೇಕಾ? ‘ಬರಬೇಕು’ ಅಂದರೆ ಮೈಸೂರು ಕಡೆ ಕಲಿತಿರಬೇಕು ಅಂತ ಆಗಿಬಿಡುತ್ತದೆ ಅಂತ ನನಗೆ ಅನುಮಾನ. ಆ ಕಡೆಯವರು ಭಾನುವಾರ ರಾತ್ರಿಯೊಳಗೆ ಹೇಳಿ, ದಯವಿಟ್ಟು.