ಅಡಿಕೆ ಡ್ರೈಯರ್ ಶೀಟ್ ಜೋಡಿಸಲು ಕ್ಲಿಂಚಿಂಗ್ ಒಳ್ಳೆಯದಾ, ಅಂಟು ಒಳ್ಳೆಯದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ವರ್ಕ್‌ಶಾಪ್):
ಸರ್, ನಾನು ಅಡಿಕೆ ಒಣಗಿಸುವ ಡ್ರೈಯರ್ ಬಾಡಿ ಮಾಡುತ್ತೇನೆ. 0.8 ಎಂಎಂ ಜಿಐ ಶೀಟು (ಸತು ಲೇಪಿಸಿದ ಉಕ್ಕಿನ ತಗಡು), ಇಲ್ಲಿವರೆಗೆ ಎಲ್ಲಾ ಸ್ಪಾಟ್ ವೆಲ್ಡಿಂಗ್, ಅಂದರೆ ಚುಕ್ಕೆ ಚುಕ್ಕೆಯಾಗಿ ಕರಗಿಸಿ ಬೆಸೆಯುವುದು. ಒಂದು ಮಳೆಗಾಲ ಕಳೆಯಲಿ, ಪ್ರತಿ ಚುಕ್ಕೆಯ ಸುತ್ತ ಕೆಂಪು ತುಕ್ಕು. ಗಿರಾಕಿಯೊಬ್ಬರು ಫೋಟೋ ಕಳಿಸಿ "ನಿಮ್ಮ ಡ್ರೈಯರಿಗೆ ಅಮ್ಮ ಆಗಿದೆ ಮಾರಾಯ್ರೇ" ಅಂದರು. ಕ್ಲಿಂಚಿಂಗ್ (ತಗಡುಗಳನ್ನು ಒತ್ತಿ ಕೂಡಿಸುವುದು) ಮಾಡಿ ಅಂತ ಒಬ್ಬರು, ಸುಮ್ನೆ ಎಪಾಕ್ಸಿ ಅಂಟು ಹಚ್ಚಿ ಅಂತ ಇನ್ನೊಬ್ಬರು. ಒಳಗೆ 60 ಡಿಗ್ರಿವರೆಗೆ ಬಿಸಿ ಏರುತ್ತದೆ. ಬಾಗಿಲಿಗೆ ಅಲ್ಯೂಮಿನಿಯಂ ಶೀಟ್ ಹಾಕುವ ಯೋಚನೆಯೂ ಇದೆ. ಯಾವುದು ಸರಿ?

ಉತ್ತರ (ಶಿವಮೊಗ್ಗ, ಶೀಟ್ ಮೆಟಲ್ ಟೂಲಿಂಗ್ ಕೆಲಸ):
ಗಿರಾಕಿ ಹೇಳಿದ್ದು ಸರಿಯಾಗೇ ಇದೆ. ಸತು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ, ಉಕ್ಕು ಕರಗಬೇಕಾದರೆ ಸುಮಾರು 1500 ಬೇಕು. ಅಂದರೆ ವೆಲ್ಡ್ ಕೂರುವ ಮೊದಲೇ ಆ ಜಾಗದ ಸತು ಸುಟ್ಟುಹೋಗಿರುತ್ತದೆ. ಆಮೇಲೆ ನಮ್ಮ ಮಳೆಗೆ ಬೇರೆ ಏನು ಬೇಕು? ಜೊತೆಗೆ ಆಷಾಢದಲ್ಲಿ ಕರೆಂಟ್ ವೋಲ್ಟೇಜ್ ಇಳಿದಾಗ ಹಾಕಿದ ಸ್ಪಾಟ್ ಅರ್ಧಂಬರ್ಧ ಕೂತಿರುತ್ತದೆ, ಅದೂ ಒಂದು ಕಥೆ.

ಕ್ಲಿಂಚಿಂಗಿನಲ್ಲಿ ಬಿಸಿಯೇ ಇಲ್ಲ. ರಿವೆಟ್ ಇಲ್ಲ, ತೂತೂ ಇಲ್ಲ. ಎರಡು ತಗಡನ್ನು ಒಟ್ಟಿಗೆ ಪಂಚ್ (ಮೇಲಿಂದ ಒತ್ತುವ ಉಳಿ) ಡೈಯೊಳಗೆ (ಕೆಳಗಿನ ಕುಳಿ ಇರುವ ಅಚ್ಚು) ಒತ್ತುತ್ತದೆ, ತಳ ಮುಟ್ಟಿದ ಮೇಲೆ ಲೋಹಕ್ಕೆ ಹೋಗಲು ಜಾಗ ಇಲ್ಲದೆ ಪಕ್ಕಕ್ಕೆ ಹರಡಿ, ಮೇಲಿನ ತಗಡು ಕೆಳಗಿನದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಚೊಂಬಿನ ಆಕಾರ ನೆನಪು ಮಾಡಿಕೊಳ್ಳಿ, ಕತ್ತು ಸಣ್ಣ, ಹೊಟ್ಟೆ ದೊಡ್ಡ. ಸತು ಸ್ವಲ್ಪ ಎಳೆದುಕೊಳ್ಳುತ್ತದೆ, ಆದರೆ ಬಹುಪಾಲು ಅಲ್ಲೇ ಉಳಿಯುತ್ತದೆ.

ತೊಂದರೆ ಇಲ್ಲ ಅಂತಲ್ಲ. ಒಂದು ಕ್ಲಿಂಚ್‌ಗೆ ಒಂದು ಸ್ಪಾಟಿನಷ್ಟು ಬಲ ಬರುವುದಿಲ್ಲ, ಹಾಗಾಗಿ ಚುಕ್ಕೆ ಜಾಸ್ತಿ ಹಾಕಬೇಕು. ಎರಡೂ ಕಡೆಯಿಂದ ಟೂಲ್ ತಲುಪಬೇಕು, ಮುಚ್ಚಿದ ಪೆಟ್ಟಿಗೆಯ ಮೂಲೆಗೆ ಆಗುವುದಿಲ್ಲ. ಒಂದು ಕಡೆ ಗುಬುಟು ಉಳಿಯುತ್ತದೆ, ಟ್ರೇ ಜಾರುವ ಕಡೆಗೆ ಅದು ಬರದ ಹಾಗೆ ನೋಡಿಕೊಳ್ಳಿ. ಒಂದೊಂದು ಚುಕ್ಕೆಗೂ ಕೆಲವು ಟನ್ ಒತ್ತಡ ಬೇಕು, ಕೈ ಇಕ್ಕಳದ ಕೆಲಸ ಅಲ್ಲ.

ಇನ್ನು ಅಂಟು. ನನಗೆ ಅಂಟಿನ ಮೇಲೆ ಸಿಟ್ಟೇನಿಲ್ಲ. ಭಾರ ಇಡೀ ಅಂಚಿಗೆ ಹಂಚಿಹೋಗುತ್ತದೆ, ಸಂದಿಯೂ ಮುಚ್ಚುತ್ತದೆ. ತಗಡು ತಗಡಿನ ಮೇಲೆ ಜಾರುವ ಹಾಗೆ ಎಳೆದರೆ ಗಟ್ಟಿ. ಆದರೆ ಅಂಚಿನಿಂದ ಬಾಳೆಹಣ್ಣು ಸುಲಿದ ಹಾಗೆ ಎಬ್ಬಿಸಿದರೆ ಬಿಟ್ಟುಕೊಡುತ್ತದೆ. ನಿಮ್ಮ ವಿಷಯದಲ್ಲಿ ದೊಡ್ಡ ತೊಡಕು ಆ 60 ಡಿಗ್ರಿ. ಹೊರಗಿನ ಶಾಖದಲ್ಲೇ ಗಟ್ಟಿಯಾಗುವ ಸಾಮಾನ್ಯ ಎರಡು ಟ್ಯೂಬಿನ ಎಪಾಕ್ಸಿ ಹೆಚ್ಚುಕಮ್ಮಿ ಆ ಬಿಸಿಗೇ ಮೆತ್ತಗಾಗಲು ಶುರುವಾಗುತ್ತದೆ. ಬಿಸಿ ಕೋಣೆಗೆ ಬರೀ ಅದನ್ನು ನಂಬಬೇಡಿ.

ಪ್ರಶ್ನೆ (ಇನ್ನೊಬ್ಬರು, ಸಾಗರ):
ಅಣ್ಣ, ನಾನು ಜೂನಲ್ಲಿ ಅಂಟು ಹಾಕಿದ್ದೆ. ಆಗಸ್ಟಿನಲ್ಲಿ ತಗಡು ಕೈಗೆ ಬಂತು. ಅಂಟಿನದೇ ತಪ್ಪಾ?

ಉತ್ತರ:
ಜೂನಲ್ಲಿ ಬಾಗಿಲು ತೆರೆದ ಶೆಡ್ಡಿನಲ್ಲಾ? ತಗಡು ಮುಟ್ಟಿದರೆ ತಣ್ಣಗೆ ಬೆವರಿರುತ್ತದೆ ಅಲ್ವಾ. ಅದರ ಮೇಲೆ ಕಂಪನಿಯಿಂದಲೇ ಬಂದ ಎಣ್ಣೆ ಬೇರೆ. ಹೀಗೆ ನೋಡಿ. ಅಸಿಟೋನ್ ಹಾಕಿ ಒರೆಸಿದ ಮೇಲೆ ನಾಲ್ಕು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಇದೆ. ತೆಳ್ಳಗೆ ಹರಡಿದರೆ ಸರಿ, ಚೆನ್ನಾಗಿ ಒಣಗಿಸಿ ಹಚ್ಚಿ. ಎಮರಿ ಕಾಗದ ಲಘುವಾಗಿ ಆಡಿಸಿದರೆ ಸಾಕು, ಜೋರಾಗಿ ಉಜ್ಜಿದರೆ ಸತುವೇ ಹೋಗುತ್ತದೆ. ಅಂಟು ಹಿಡಿದುಕೊಳ್ಳುವುದು ಸತುವನ್ನೇ ಹೊರತು ಒಳಗಿನ ಉಕ್ಕನ್ನಲ್ಲ.

ಪ್ರಶ್ನೆ (ಮೊದಲಿನವರು):
ಎರಡನ್ನೂ ಸೇರಿಸಿದರೆ? ಮತ್ತೆ ಕ್ಲಿಂಚ್ ಸರಿ ಕೂತಿದೆ ಅಂತ ಲ್ಯಾಬ್ ಇಲ್ಲದೆ ಹೇಗೆ ತಿಳಿಯುವುದು?

ಉತ್ತರ:
ಸೇರಿಸಬಹುದು, ನಿಮಗೆ ನಾನು ಹೇಳುವುದೂ ಅದನ್ನೇ. ಬಲಕ್ಕೆ ಕ್ಲಿಂಚ್, ನೀರು ತಡೆಯಲು ತೆಳ್ಳಗೆ ಅಂಟು ಅಥವಾ ಬಿಸಿ ತಾಳುವ ಸಿಲಿಕೋನ್. ಅಂಟು ಹಸಿ ಇರುವಾಗಲೇ ಕ್ಲಿಂಚ್ ಮಾಡಿ, ಅದು ಒಣಗುವವರೆಗೆ ಕ್ಲಾಂಪ್ ಹಿಡಿದು ಕೂರುವುದು ತಪ್ಪುತ್ತದೆ. ದಪ್ಪಗೆ ಬಳಿದರೆ ಮಾತ್ರ ಚುಕ್ಕೆಯೊಳಗೆ ಅಂಟು ಸಿಕ್ಕಿ ಹಿಡಿತ ಕೆಡುತ್ತದೆ. ಬಾಗಿಲಿನ ಹತ್ತಿರ ಜಿಐ ಪಂಚ್ ಕಡೆ ಇರಲಿ, ಅಲ್ಯೂಮಿನಿಯಂ ಡೈ ಕಡೆ. ಗಟ್ಟಿಯದ್ದು, ದಪ್ಪದ್ದು ಪಂಚ್ ಕಡೆಗೆ ಅಂತ ನೆನಪಿಟ್ಟುಕೊಳ್ಳಿ.

ಪರೀಕ್ಷೆಗೆ ಎರಡು ತುಂಡು ತಗಡು ಸಾಕು. ಮೊದಲು ಚುಕ್ಕೆಯ ತಳದ ದಪ್ಪ ಅಳೆದು ಡೈ ಕೊಟ್ಟವರು ಹೇಳಿದ ಅಳತೆಗೆ ಹೋಲಿಸಿ. ಆಮೇಲೆ ಒಂದು ಚುಕ್ಕೆಯನ್ನು ಹ್ಯಾಕ್ಸಾದಲ್ಲಿ ಸರಿಯಾಗಿ ನಡುವೆ ಕೊಯ್ದು, ಅರ ಹಾಕಿ, ಎಮರಿ ಉಜ್ಜಿ ಭೂತಗನ್ನಡಿಯಲ್ಲಿ ನೋಡಿ. ಚೊಂಬು ಕಾಣಬೇಕು. ಇನ್ನೊಂದನ್ನು ಇಕ್ಕಳದಲ್ಲಿ ಕಿತ್ತು ನೋಡಿ. ಬಟನ್ ಬಿಚ್ಚಿದ ಹಾಗೆ ಸಲೀಸಾಗಿ ಬಂದರೆ ಹೊಟ್ಟೆ ಅಗಲವಾಗಿಲ್ಲ. ಕತ್ತೇ ಕಡಿದು ಬಂದರೆ ಅಲ್ಲಿ ತಗಡು ತೀರಾ ತೆಳ್ಳಗಾಗಿದೆ.

ಪ್ರಶ್ನೆ (ಮೊದಲಿನವರು, ನಾಲ್ಕು ದಿನದ ಮೇಲೆ):
ಪರಿಚಯದವರ ಪ್ರೆಸ್ಸಿನಲ್ಲಿ ಮಾಡಿಸಿ ಕೊಯ್ದೆ ಸರ್. ಚೊಂಬು ಕಂಡಿತು! ಆದರೆ ಎಡಗಡೆ ಕತ್ತು ದಪ್ಪ, ಬಲಗಡೆ ಕಾಗದದ ಹಾಗಿದೆ.

ಉತ್ತರ:
ಪಂಚ್ ಡೈಯ ನಡುವಿಗೆ ಇಳಿಯುತ್ತಿಲ್ಲ. ತಗಡಿನ ತಪ್ಪಲ್ಲ. ಸೆಂಟರ್ ಸರಿ ಮಾಡಿಸಿ, ಅದೇ ಶೀಟಿನಲ್ಲಿ ಇನ್ನೊಂದು ಕೊಯ್ದು ಫೋಟೋ ಹಾಕಿ.