ಹಳೆಯ ಬಾಡಿಗೆ ಮನೆಯ ಕಿಟಕಿ ಬಣ್ಣದಲ್ಲಿ ಸೀಸ: ತೆಗೆಸಬೇಕೇ, ಮುಚ್ಚಬೇಕೇ?

ಮಾಳಮಡ್ಡಿ_ಮನೆ: ಧಾರವಾಡದಲ್ಲಿ ನಾವು ಬಾಡಿಗೆಗೆ ಕೊಟ್ಟಿರುವ ಮನೆಯ ಕಿಟಕಿಗಳಿಗೆ ಎಷ್ಟು ಸಲ ಬಣ್ಣ ಹಚ್ಚಿಸಿದರೂ ಮಳೆಗಾಲ ಮುಗಿಯುವಷ್ಟರಲ್ಲಿ ಹಕ್ಕಳೆ ಏಳುತ್ತದೆ. ಸೀಸ ಪತ್ತೆಹಚ್ಚುವ ಕಡ್ಡಿ ತರಿಸಿ ಉಜ್ಜಿದರೆ ತುದಿ ಕೆಂಪಾಯಿತು, ಅಂದರೆ ಸೀಸವಿದೆ ಎಂದರ್ಥ. ಪೇಂಟರ್ ಬ್ಲೋ ಲ್ಯಾಂಪಿನಿಂದ ಸುಟ್ಟು ತೆಗೆಯುತ್ತೇನೆ ಎನ್ನುತ್ತಾರೆ. ಬಣ್ಣದಲ್ಲಿನ ಸೀಸದ ಬಗೆಗಿನ ನಿಯಮದಂತೆ ಹಳೆಯ ಬಣ್ಣವನ್ನೆಲ್ಲ ತೆಗೆಸಲೇಬೇಕೇ? ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಡಿಸಿದ್ದಾರೆ.

ಬೆಟಗೇರಿ_ಬಡಗಿ: ಇದು ತೇವದ ತೊಂದರೆ, ಸೀಸದ್ದಲ್ಲ. ಕಿಟಕಿಯ ಮೇಲಿನ ಛಜ್ಜಾ ಸೋರುತ್ತಿದೆಯೇ ಎಂದು ಮೊದಲು ನೋಡಿಸಿ.

ಹುಬ್ಬಳ್ಳಿ_ಬಣ್ಣ: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದು ಬಣ್ಣ ತಯಾರಿಸುವವರಿಗೆ, ಮಾರುವವರಿಗೆ ಅನ್ವಯಿಸುತ್ತದೆಯೇ ಹೊರತು ಹಿಂದೆ ಹಚ್ಚಿದ ಬಣ್ಣವನ್ನು ತೆಗೆಸಿರೆಂದು ಮನೆಯ ಮಾಲೀಕರಿಗೆ ಹೇಳುವುದಿಲ್ಲ. ಆದರೆ ಅಪಾಯವಿರುವುದು ಹಳೆಯ ಪದರದಲ್ಲೇ. ಕಿಟಕಿಯ ಬಣ್ಣ ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ನೀವು ಬರೆದೇ ಇಲ್ಲ. ಕೆಂಪು ಬಣ್ಣವಾಗಿದ್ದರೆ ಸೀಸವಿಲ್ಲದಿದ್ದರೂ ಆ ಬಣ್ಣವೇ ಕಡ್ಡಿಯ ತುದಿಗೆ ಅಂಟಿರಬಹುದು.

ಹಾವೇರಿ_ಸಾಗವಾನಿ: ನಮ್ಮ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ಹೀಟ್ ಗನ್ನಿನಿಂದ ಕಾಯಿಸಿಯೇ ತೆಗೆಸಿದೆ. ಒಳಗಿನ ಸಾಗವಾನಿ ಈಗ ಕನ್ನಡಿಯಂತೆ ಹೊಳೆಯುತ್ತದೆ. ಬ್ಲೋ ಲ್ಯಾಂಪಿಗೆ ಹೆದರುವ ಅಗತ್ಯವಿಲ್ಲ.

ಹುಬ್ಬಳ್ಳಿ_ಬಣ್ಣ: ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಸೀಸದ ಬಣ್ಣ ಸುಟ್ಟಾಗ ಏಳುವ ಹೊಗೆ ನೇರವಾಗಿ ಕೆಲಸಗಾರರ ಶ್ವಾಸಕೋಶಕ್ಕೆ ಹೋಗುತ್ತದೆ. ಅಮೆರಿಕದಲ್ಲಿ 1978ಕ್ಕಿಂತ ಮೊದಲು ಕಟ್ಟಿದ ಮನೆಗಳ ದುರಸ್ತಿಯಲ್ಲಿ ಬೆಂಕಿಯಿಂದ ಬಣ್ಣ ಸುಡುವುದನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ.

ಬೆಟಗೇರಿ_ಬಡಗಿ: ಅಮೆರಿಕದ ನಿಯಮ ಧಾರವಾಡಕ್ಕೇಕೆ? ಒಣ ಮರಕ್ಕೆ ಹಚ್ಚಿದ ಬಣ್ಣ ಏಳುವುದಿಲ್ಲ.

ಮಾಳಮಡ್ಡಿ_ಮನೆ: ಬಣ್ಣ ಹಸಿರು, ಅಜ್ಜನ ಕಾಲದ್ದು. ಬಾಡಿಗೆಗೆ ಇರುವವರ ಮಗುವಿಗೆ ಎರಡು ವರ್ಷ. ಅದು ಕಿಟಕಿಯ ಸರಳು ಹಿಡಿದು ನಿಂತು ಕೆಳಗಿನ ಕಟ್ಟೆಯನ್ನು ನೆಕ್ಕುತ್ತದೆ. ಹಕ್ಕಳೆಗಳು ಬೀಳುವುದೂ ಅಲ್ಲಿಯೇ.

ಹುಬ್ಬಳ್ಳಿ_ಬಣ್ಣ: ಇದನ್ನು ಮೊದಲೇ ಹೇಳಬೇಕಿತ್ತು. ಇಂದೇ ಅವರಿಗೆ ತಿಳಿಸಿ, ಮಗುವಿನ ರಕ್ತದಲ್ಲಿನ ಸೀಸವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಲು ಹೇಳಿ. ಕೆಲಸ ಮುಗಿದು ಮನೆ ಒರೆಸುವವರೆಗೆ ಮಗು ಅಲ್ಲಿರಬಾರದು. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನೀರು ಸಿಂಪಡಿಸುತ್ತಾ ಹಸಿಯಾಗಿಯೇ ಕೆರೆಸಿ. ಒಣಗಿದ ಬಣ್ಣಕ್ಕೆ ಸ್ಯಾಂಡ್‌ಪೇಪರ್ ತಾಗಿಸಬೇಡಿ. ಕಿಟಕಿ ತೆರೆದು ಮುಚ್ಚುವಾಗ ಒಂದಕ್ಕೊಂದು ಉಜ್ಜುವ ಅಂಚುಗಳಲ್ಲಿ ಮಾತ್ರ ಮರ ಕಾಣುವವರೆಗೆ ತೆಗೆಸಿ, ಗಟ್ಟಿಯಾಗಿ ಹಿಡಿದಿರುವ ಉಳಿದ ಬಣ್ಣದ ಮೇಲೆ ಪ್ರೈಮರ್ ಹಚ್ಚಿ ಮುಚ್ಚಿಸಿ. ಕಸಬರಿಗೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ.

ಮಾಳಮಡ್ಡಿ_ಮನೆ: ಪೇಂಟರ್‌ಗೆ ಬ್ಲೋ ಲ್ಯಾಂಪ್ ತರಬೇಡಿ ಎಂದಿದ್ದೇನೆ. ಹಸಿಯಾಗಿ ಕೆರೆದ ಮರ ಪೂರ್ತಿ ಒಣಗುವ ಮೊದಲೇ ಪ್ರೈಮರ್ ಹಚ್ಚಬಹುದೇ?

ಬೆಟಗೇರಿ_ಬಡಗಿ: ಖಂಡಿತ ಬೇಡ. ಛಜ್ಜಾದ ಫೋಟೊ ಹಾಕಿ.