ಕರ್ಣಪಟಲ, ಕರ್ಣಪಟಹ, ಕಿವಿತಮಟೆ. ಮತ್ತೆ ‘ಕಸಿ’ಯೋ ‘ಮುಚ್ಚಿಗೆ’ಯೋ?

ಗೆಳೆಯರೇ,

ಮಕ್ಕಳ ಕಿವಿ ಆಪರೇಷನ್ನಿಗೆ ಮುಂಚೆ ತಂದೆತಾಯಿ ಸಹಿ ಹಾಕುವ ಒಪ್ಪಿಗೆ ಪತ್ರದ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಗಿರುವುದು ‘ರಂಧ್ರಯುಕ್ತ ಕರ್ಣಪಟಲದ ಪುನಾರಚನೆ’, ಪಕ್ಕದಲ್ಲಿ ‘ಟಿಂಪನೋಪ್ಲಾಸ್ಟಿ’. ಅಂದರೆ ಕಿವಿಯೊಳಗಿನ ತೆಳು ಪರದೆಗೆ ಬಿದ್ದ ತೂತು ಮುಚ್ಚುವುದು. ಇದನ್ನು ಓದಿದ ತಾಯಿಯೊಬ್ಬರು ‘ಮಗೂ ಕಿವಿಗೆ ಪ್ಲಾಸ್ಟಿಕ್ ಹಾಕ್ತೀರಾ?’ ಎಂದು ಕೇಳಿದರು. ನಗುವ ಹಾಗಿಲ್ಲ, ‘ಪ್ಲಾಸ್ಟಿ’, ‘ಪ್ಲಾಸ್ಟಿಕ್’ ಎರಡಕ್ಕೂ ಬೇರು ಒಂದೇ: ರೂಪ ಕೊಡು ಎನ್ನುವ ಗ್ರೀಕ್ ಧಾತು.

ಮೊದಲ ತಕರಾರು ಪಟಲದ್ದು. ಪಟಲ ಎಂದರೆ ಪೊರೆ, ಅದರಲ್ಲಿ ವಾದ್ಯದ ಸದ್ದಿಲ್ಲ. ಹಿಂದಿಯವರು ಕರ್ಣಪಟಹ ಎನ್ನುತ್ತಾರೆ. ಪಟಹ ಎಂದರೆ ಭೇರಿ; ನಮ್ಮ ಹಳೆಯ ಕಾವ್ಯಗಳ ಯುದ್ಧದಲ್ಲಿ ಮೊಳಗುವುದೂ ಅದೇ. ಟಿಂಪನೋಪ್ಲಾಸ್ಟಿಯೊಳಗಿನ ಲ್ಯಾಟಿನ್ ಪದ ಟಿಂಪನಮ್ ಕೂಡ ಚರ್ಮವಾದ್ಯವೇ. ಹಾಗಿದ್ದರೆ ಪಟಹವೇ ನಮ್ಮಲ್ಲಿ ಪಟಲವಾಯಿತೋ, ಪೊರೆ ಎಂದುಕೊಂಡೇ ಯಾರೋ ಟಂಕಿಸಿದರೋ?

ನನ್ನ ಒಲವು ಕಿವಿತಮಟೆಯ ಕಡೆ. ತಮಟೆಗೆ ಒಂದೇ ಮುಖ, ಬಳೆಗೆ ಬಿಗಿದ ಚರ್ಮ. ಕಿವಿಯೊಳಗಿನದೂ ಹಾಗೇ, ಅಗಲ 8–10 ಮಿಲಿಮೀಟರ್, ದಪ್ಪ ಸುಮಾರು 0.1 ಮಿಲಿಮೀಟರ್. ತಮಟೆ ಎಂದೊಡನೆ ‘ಹರಿದಿದೆ’ ಎಂಬ ಕ್ರಿಯಾಪದವೂ ತಾನಾಗಿ ಬರುತ್ತದೆ, ರಂಧ್ರ ಬೇಕಿಲ್ಲ. ಆದರೆ ಮನೆಯವರು ಇದಾವುದನ್ನೂ ಹೇಳುವುದಿಲ್ಲ. ಅವರ ಮಾತು ‘ಕಿವಿ ಸೋರ್ತದೆ’, ಅಷ್ಟೆ.

ನಿಜವಾದ ತೊಡಕು ಮುಂದಿನದು. ಕಿವಿಯ ಮೇಲ್ಗಡೆ, ಕಪಾಲದ ಸ್ನಾಯುವಿಗೆ ಹೊದ್ದಿರುವ ತೆಳು ಪೊರೆಯ ಚೂರು ತೆಗೆದು ತೂತಿಗೆ ಕೂರಿಸುತ್ತಾರೆ. ಇದಕ್ಕೆ ‘ಕಸಿ’ ಎಂದರೆ ಮೂತ್ರಪಿಂಡ ನೆನಪಾಗಿ ‘ಯಾರದ್ದು ತಂದು ಹಾಕ್ತೀರಿ?’ ಎಂದು ಗಾಬರಿಯಾಗುತ್ತಾರೆ. ‘ತೇಪೆ’ ಕೆಲಸಕ್ಕೆ ಸರಿಯಾದ ಪದ, ಆದರೆ ನಮ್ಮಲ್ಲಿ ತೇಪೆ ಹಾಕುವುದೆಂದರೆ ಕಾಟಾಚಾರ. ಯಕ್ಷಗಾನದವರು ಮದ್ದಳೆಯ ಚರ್ಮಕ್ಕೆ ಮುಚ್ಚಿಗೆ ಎನ್ನುತ್ತಾರೆ. ‘ಕಿವಿತಮಟೆಗೆ ಮುಚ್ಚಿಗೆ ಹಾಕುವುದು’ ಎಂದು ಬರೆದರೆ ಬಯಲುಸೀಮೆಯಲ್ಲಿ ತಿಳಿದೀತೇ? ಪೂರ್ತಿ ಚರ್ಮ ಬದಲಿಸಿದ ಹಾಗೆ ಕೇಳಿಸುತ್ತದೆಯೇ?

ಇನ್ನೊಂದು. ಎಳೆಯ ಮಕ್ಕಳಲ್ಲಿ ಗಂಟಲಿಂದ ಕಿವಿಗೆ ಹೋಗುವ ನಾಳ ಗಿಡ್ಡ, ಅಡ್ಡಡ್ಡ. ನೆಗಡಿ ಸಲೀಸಾಗಿ ಕಿವಿ ಸೇರುತ್ತದೆ. ಅದಕ್ಕೇ ಆಪರೇಷನ್ನಿಗೆ ‘ಏಳೆಂಟು ವರ್ಷ ಆಗಲಿ’ ಎನ್ನುವ ವೈದ್ಯರಿದ್ದಾರೆ, ಕಾಯಬೇಕಿಲ್ಲ ಎನ್ನುವವರೂ ಇದ್ದಾರೆ. ಈ ಯುಸ್ಟೇಶಿಯನ್ ನಾಳಕ್ಕೆ ನಿಮ್ಮ ಕಡೆ ಆಡುಮಾತಿನ ಹೆಸರೇನಾದರೂ ಉಂಟೇ?